ನಗೆಟ್ಸ್ ಪ್ಯಾಕೆಟ್ಟಲ್ಲಿ ಚಿಕನ್ ಎಷ್ಟು, ಮೈದಾ ಎಷ್ಟು?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ, ಸ್ಕೂಲಿಂದ ಬಂದ ತಕ್ಷಣ ಫ್ರೋಜನ್ ಚಿಕನ್ ನಗೆಟ್ಸೇ ಬೇಕು ಅಂತಾನೆ. ಚಿಕನ್ ತಾನೇ, ಪ್ರೋಟೀನ್ ಸಿಗುತ್ತೆ ಬಿಡು ಅಂತಾರೆ ನಮ್ಮತ್ತೆ. ದಿನಾ ಕೊಡಬಹುದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರೋಟೀನ್ ಸಿಗುತ್ತೆ ಅಮ್ಮಾ, ಆದ್ರೆ ನೀವು ಅಂದ್ಕೊಂಡಷ್ಟು ಅಲ್ಲ. ಚರ್ಮ ತೆಗೆದ ಹಸಿ ಚಿಕನ್ ಬ್ರೆಸ್ಟ್ 100 ಗ್ರಾಂ ತಗೊಂಡ್ರೆ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತೆ, ನಗೆಟ್ಸಲ್ಲಿ ಸಾಮಾನ್ಯವಾಗಿ 12ರಿಂದ 15 ಗ್ರಾಂ ಅಷ್ಟೇ, ಯಾಕಂದ್ರೆ ಉಳಿದ ಜಾಗನೆಲ್ಲ ಮೈದಾ, ಬ್ರೆಡ್ ಪುಡಿ, ಸ್ಟಾರ್ಚ್, ಎಣ್ಣೆ, ನೀರು ತಗೊಂಡಿರುತ್ತೆ. ಪ್ಯಾಕೆಟ್ ಹಿಂದೆ ಸಾಮಗ್ರಿಗಳ ಪಟ್ಟಿ ನೋಡಿ, ಅದು ತೂಕದ ಲೆಕ್ಕದಲ್ಲಿ ಜಾಸ್ತಿಯಿಂದ ಕಮ್ಮಿಗೆ ಬರೆದಿರುತ್ತೆ, ಚಿಕನ್ ಮೊದಲು ಇದ್ಯಾ, ಪಕ್ಕದಲ್ಲಿ ಎಷ್ಟು ಪರ್ಸೆಂಟ್ ಅಂತ ಹಾಕಿದಾರಾ ನೋಡ್ಕೊಳ್ಳಿ.

ನನಗೆ ಜಾಸ್ತಿ ಚಿಂತೆ ಇರೋದು ಉಪ್ಪಿಂದು. ಲೇಬಲ್ಲಲ್ಲಿ ಸೋಡಿಯಂ ಅಂತ ಮಿಲಿಗ್ರಾಂನಲ್ಲಿ ಇರುತ್ತೆ, ಅದನ್ನ ಎರಡೂವರೆಯಿಂದ ಗುಣಿಸಿದ್ರೆ ಉಪ್ಪು ಸಿಗುತ್ತೆ. 500 ಮಿಲಿಗ್ರಾಂ ಅಂತ ಇದ್ರೆ ಒಂದೂಕಾಲು ಗ್ರಾಂ ಉಪ್ಪು ಆಯ್ತು, ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಒಳಗಿರಬೇಕು, ಮಕ್ಕಳಿಗೆ ಅದಕ್ಕಿಂತ ಕಮ್ಮಿ, ಜೊತೆಗೆ ಕೆಚಪ್ ಬೇರೆ ಇರುತ್ತಲ್ಲ.

ಇನ್ನೊಂದು, ಲೇಬಲ್ಲಲ್ಲಿರೋ ಕೊಬ್ಬಿನ ಲೆಕ್ಕ ಸಾಮಾನ್ಯವಾಗಿ ಪ್ಯಾಕೆಟ್ಟಲ್ಲಿ ಇರೋ ಹಾಗೇ, ನೀವು ಬಾಣಲೀಲಿ ಕರಿದಾಗ ಹೀರೋ ಎಣ್ಣೆ ಅದ್ರಲ್ಲಿ ಸೇರಿರಲ್ಲ. ಅದಕ್ಕೇ ಓವನ್ ಅಥವಾ ಏರ್ ಫ್ರೈಯರ್ ಇದ್ರೆ ಅದ್ರಲ್ಲೇ ಮಾಡಿ, ಒಳಗೆ ಪೂರ್ತಿ ಬೆಂದಿರಬೇಕು. ದಿನಾ ಬೇಡ, ವಾರಕ್ಕೊಂದ್ಸಲ ನಾಲ್ಕೈದು ಪೀಸ್ ಕೊಡಿ, ಮಿಕ್ಕ ದಿನ ಮೊಟ್ಟೆನೋ ಕಡ್ಲೆಕಾಳು ಉಸ್ಲಿನೋ ಮಾಡ್ಕೊಡಿ.