ಬೈಗುಳಗಳು ಹುಟ್ಟಿದ್ದು ಹೇಗೆ?

ಎಷ್ಟೋ ಬೈಗುಳಗಳು ಹುಟ್ಟುವಾಗ ಬೈಗುಳಗಳೇ ಆಗಿರಲಿಲ್ಲ. ಮಾತುಮಾತಿಗೂ ಬರುವ ‘ಮುಂಡೇದು’, ‘ಬೋಳಿಮಗ’ ನೋಡಿ. ಸಂಸ್ಕೃತದಲ್ಲಿ ‘ಮುಂಡ’ ಎಂದರೆ ಬೋಳಿಸಿದ ತಲೆ. ಗಂಡ ಸತ್ತ ಹೆಂಗಸಿನ, ಅದರಲ್ಲೂ ಬ್ರಾಹ್ಮಣ ವಿಧವೆಯ ಕೂದಲು ತೆಗೆಸುವ ಪದ್ಧತಿಯಿತ್ತು; ಹಾಗಾಗಿ ಆಕೆ ಮುಂಡೆ, ಬೋಳಿ. ವಿಧವೆಗೆ ಮಗು ಹುಟ್ಟಿದರೆ ಕಳಂಕ ಎಂಬ ನಂಬಿಕೆಯೇ ‘ಬೋಳಿಮಗ’ನೊಳಗಿನ ವಿಷ. ಬೈಯುವುದು ಗಂಡಸನ್ನು, ಪೆಟ್ಟು ಬೀಳುವುದು ಅವನ ತಾಯಿಗೆ. ಇದು ಗೊತ್ತಾದ ಮೇಲೆ ಆ ಪದ ನನ್ನ ಬಾಯಿಗೆ ಬಂದಿಲ್ಲ.

‘ಸೂಳೆ’ಯ ಕಥೆ ಬೇರೆ. ಹಳೆಯ ಶಾಸನಗಳಲ್ಲಿ ದೇವಾಲಯದ ಸೇವೆಗಿದ್ದ ಹೆಂಗಸರಿಗೂ ಈ ಪದ ಬಳಸಿದ್ದಾರೆ. 12ನೇ ಶತಮಾನದ ವಚನಕಾರ್ತಿಯೊಬ್ಬರು ಸೂಳೆ ಸಂಕವ್ವೆ ಎಂದೇ ಪ್ರಸಿದ್ಧರು. ಇಂದು ಆ ಹೆಸರನ್ನು ಜೋರಾಗಿ ಓದಲು ಎಷ್ಟೋ ಜನ ಹಿಂಜರಿಯುತ್ತಾರೆ.