ಕರಿಬೇವಿನ ಬುಡದಲ್ಲಿ ಮರಿ, ಎಲೆಯಲ್ಲಿ ಹುಳು

ಪ್ರಶ್ನೆ: ಹಿತ್ತಲಿನ ಕರಿಬೇವಿನ ಬುಡದಲ್ಲಿ ನಿನ್ನೆಯಿಂದ ಹಕ್ಕಿಮರಿಯೊಂದು ಕುಪ್ಪಳಿಸುತ್ತಿದೆ, ಹಾರಲು ಬರುತ್ತಿಲ್ಲ. ಕಾಂಪೌಂಡ್ ಮೇಲೆ ಜುಟ್ಟಿನ ಹಕ್ಕಿಗಳೆರಡು ಒಂದೇ ಸಮನೆ ಕೂಗುತ್ತಿವೆ (ಫೋಟೊ ಕಳಿಸಿದ್ದೇನೆ). ನಾವು ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಅಂತಾರೆ ನಮ್ಮತ್ತೆ. ಅದೇ ಗಿಡವನ್ನು ಹಸಿರು ಹುಳುಗಳು ಬೋಳು ಮಾಡುತ್ತಿವೆ. ಔಷಧಿ ಹೊಡೆಯಬಹುದೇ?
– ಓದುಗರು, ಸಾಗರ

ಉತ್ತರ: ಔಷಧಿ ಬೇಡ. ಮರಿ ಅಲ್ಲಿರುವಾಗಲಂತೂ ಬೇಡವೇ ಬೇಡ.

ಫೋಟೊದಲ್ಲಿರುವುದು ಕೆಮ್ಮೀಸೆ ಪಿಕಳಾರ. ಮರಿಯ ಕಣ್ಣಿನ ಹಿಂದೆ ಕೆಂಪು ಮಚ್ಚೆ ಕಾಣದಿದ್ದರೆ ಬೇರೆ ಜಾತಿಯೆಂದುಕೊಳ್ಳಬೇಡಿ, ಅದು ಬೆಳೆದ ಮೇಲೆ ಬರುವಂಥದ್ದು. ಪಿಕಳಾರದ ಮರಿಗಳು ಸುಮಾರು 12 ದಿನಕ್ಕೇ ಗೂಡು ಬಿಡುತ್ತವೆ, ಆಗಿನ್ನೂ ಸರಿಯಾಗಿ ಹಾರಲು ಬಂದಿರುವುದಿಲ್ಲ. ಮೈತುಂಬ ಪುಕ್ಕ, ಮೋಟು ಬಾಲ, ಕುಪ್ಪಳಿಕೆ ಇವೆಯಲ್ಲ, ಹಾಗಾದರೆ ಅದು ಬಿದ್ದದ್ದಲ್ಲ, ತಾನೇ ಹೊರಟದ್ದು. ಕಾಂಪೌಂಡಿನ ಮೇಲೆ ಕೂಗುತ್ತಿರುವುದು ಅದರ ಅಪ್ಪ-ಅಮ್ಮ. ನೀವು ಪಕ್ಕದಲ್ಲೇ ನಿಂತರೆ ಗುಟುಕು ಕೊಡಲು ಇಳಿಯುವುದಿಲ್ಲ. ಒಳಗೆ ಹೋಗಿ ಕಿಟಕಿಯಿಂದ ನೋಡಿ.

ಬೆಕ್ಕಿನ ಭಯವಿದ್ದರೆ ಮರಿಯನ್ನು ಎತ್ತಿ ಪಕ್ಕದ ಪೊದೆಯೊಳಗೆ ಕೂರಿಸಬಹುದು. ಕೈ ಸೋಕಿತೆಂದು ಹಕ್ಕಿಗಳು ಮರಿಯನ್ನು ಬಿಟ್ಟುಹೋಗುವುದಿಲ್ಲ. ಅತ್ತೆಯವರ ಮಾತು ಊರೆಲ್ಲ ಹೇಳುವುದೇ, ಆದರೆ ನಿಜವಲ್ಲ. ಒಂದೇ ಒಂದು, ಕನಿಕರದಿಂದ ಬಾಯಿಗೆ ಹಾಲು, ನೀರು ಬಿಡಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ಹನಿ ಅಲ್ಲಿಗೇ ಇಳಿಯುತ್ತದೆ. ಹಕ್ಕಿಗೆ ಹಾಲು ಅರಗುವುದೂ ಇಲ್ಲ. ಪುಕ್ಕವೇ ಬಾರದ ಬರಿಮೈ ಮರಿಯಾದರೆ ಮಾತ್ರ ಗೂಡು ಹುಡುಕಿ ವಾಪಸ್ ಇಡಬೇಕು.

ಇನ್ನು ಹುಳುಗಳು. ಪಿಕಳಾರ ಹಣ್ಣು ತಿನ್ನುವ ಹಕ್ಕಿಯೇ ಆದರೂ ಮರಿಗೆ ಹುಳುಹುಪ್ಪಟೆ ಬೇಕು. ನೀವು ಔಷಧಿ ಹೊಡೆದರೆ ವಿಷ ತಾಗಿದ ಹುಳು ಸೇರುವುದು ಮರಿಯ ಹೊಟ್ಟೆಗೆ. ಕರಿಬೇವಿನ ಹಸಿರು ಹುಳು ಸಾಮಾನ್ಯವಾಗಿ ನಿಂಬೆ ಚಿಟ್ಟೆಯದೋ ಅದರ ಹತ್ತಿರದ ಬಂಧು ಮಾರ್ಮನ್ ಚಿಟ್ಟೆಯದೋ ಆಗಿರುತ್ತದೆ. ಎಳೆಯ ಹುಳು ಥೇಟ್ ಹಕ್ಕಿ ಹಿಕ್ಕೆ, ಎಲೆಯ ಮೇಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕೊನೆಯ ಸಲ ಪೊರೆ ಬಿಟ್ಟ ಮೇಲಷ್ಟೇ ಹಸಿರಾಗುವುದು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕೆಂಪು ಕವಲು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ತೋರಿಸಿ! ಕಂಬಳಿಹುಳುವಿನಂತೆ ಇದು ತುರಿಸುವುದಿಲ್ಲ.

ಹಸಿರಾದ ಹುಳು ಕೆಲವೇ ದಿನಗಳಲ್ಲಿ ತಿನ್ನುವುದು ಬಿಟ್ಟು ಕೋಶ ಕಟ್ಟುತ್ತದೆ. ಬಲಿತ ಗಿಡ ಮತ್ತೆ ಚಿಗುರುತ್ತದೆ. ಕುಂಡದ ಎಳೆ ಸಸಿಯಾದರೆ ಹುಳುಗಳನ್ನು ಎಲೆಸಮೇತ ಕಿತ್ತು ಪಕ್ಕದ ನಿಂಬೆ ಗಿಡಕ್ಕೆ ಬಿಡಿ.