ಪಾಯಿಂಟ್ ಕರಾಟೆಯಲ್ಲಿ ಅತಿ ವೇಗದ ದಾಳಿ ಯಾವುದು, ಅದನ್ನು ಕಲಿಯುವುದು ಹೇಗೆ?

ನನ್ನ ಪ್ರಕಾರ ಕಿಜಾಮಿ ಜುಕಿ. ಅಂದರೆ ಮುಂದಿರುವ ಕೈಯಿಂದ ಮುಖದ ಕಡೆಗೆ ಹೊಡೆಯುವ ಪಂಚ್. ಎದುರಾಳಿಗೆ ಹತ್ತಿರ ಇರುವುದು ಆ ಕೈಯೇ ಅಲ್ವಾ, ಹಾಗಾಗಿ ಅದು ಸಾಗಬೇಕಾದ ದೂರ ಕಡಿಮೆ.

ವೇಗದ ಗುಟ್ಟು ಮಾತ್ರ ಹಿಂಗಾಲಿನಲ್ಲಿದೆ. ಅದರಿಂದ ನೆಲ ಒತ್ತಿ ಇಡೀ ಮೈಯನ್ನು ಮುಂದಕ್ಕೆ ತಳ್ಳಬೇಕು. ಕೈ ಮೊದಲು ಹೊರಡಲಿ, ಮುಂಗಾಲು ಆಮೇಲೆ ನೆಲ ಮುಟ್ಟಲಿ. ಹೊಡೆಯುವ ಮುಂಚೆ ಭುಜ ಎತ್ತಿದರೆ ಅಥವಾ ಮೊಣಕೈ ಹಿಂದಕ್ಕೆ ಎಳೆದರೆ ಎದುರಾಳಿಗೆ ಸುಳಿವು ಸಿಕ್ಕಿಬಿಡುತ್ತದೆ. ಹೊಸಬರಲ್ಲಿ ಜಾಸ್ತಿ ಕಾಣುವ ತಪ್ಪು ಇದೇ. ಕನ್ನಡಿ ಮುಂದೆ ನಿಂತು ನಿಧಾನವಾಗಿ ಮಾಡಿದರೆ ನಿಮಗೇ ಗೊತ್ತಾಗುತ್ತದೆ.

ಎದುರಾಳಿ ತಪ್ಪಿಸಿಕೊಳ್ಳಲು ಕೈ ಮೇಲೆತ್ತಿದರೆ ಅಲ್ಲಿಗೇ ನಿಲ್ಲಿಸಬೇಡಿ. ಸೊಂಟ ತಿರುಗಿಸಿ, ಹಿಂದಿನ ಕೈಯಿಂದ ಹೊಟ್ಟೆಗೆ ಗ್ಯಾಕು ಜುಕಿ ಎಂಬ ಪಂಚ್ ಹಾಕಿ. ಈ ಜೋಡಿ ತುಂಬಾ ಕೆಲಸಕ್ಕೆ ಬರುತ್ತದೆ.

ವಿಶ್ವ ಕರಾಟೆ ಫೆಡರೇಶನ್ ನಿಯಮದಲ್ಲಿ ಪಂಚ್‌ಗೆ 1 ಪಾಯಿಂಟ್, ಹೊಟ್ಟೆ ಅಥವಾ ಎದೆಗೆ ಕಿಕ್ ಕೊಟ್ಟರೆ 2, ತಲೆಗೆ ಕೊಟ್ಟರೆ 3. ಕಿಕ್ ಮೇಲೆ ಆಸೆ ಸಹಜ. ಆದರೂ ಮೊದಲು ಪಂಚ್ ಗಟ್ಟಿ ಮಾಡಿಕೊಳ್ಳಿ. ಮುಖಕ್ಕೆ ಜೋರಾಗಿ ಹೊಡೆದರೆ ಪಾಯಿಂಟ್ ಸಿಗುವುದಿಲ್ಲ, ಎಚ್ಚರಿಕೆ ಬೀಳುತ್ತದೆ. ಹೊಡೆದ ಕೈಯನ್ನು ತಕ್ಷಣ ಹಿಂದಕ್ಕೆ ಎಳೆಯುವುದನ್ನೂ ಮೊದಲ ದಿನದಿಂದಲೇ ಅಭ್ಯಾಸ ಮಾಡಿ.